ಚದುರಂಗದ ಆಟ ಮುಗಿಯಲೇಬೇಕೆ?

1989ರಲ್ಲಿ ಬೆಲ್‌ಗ್ರೇಡ್ ನಗರದಲ್ಲಿ ಇವಾನ್ ನಿಕೋಲಿಚ್ ಮತ್ತು ಗೋರಾನ್ ಆರ್ಸೊವಿಚ್ ಎಂಬ ಇಬ್ಬರು ಚದುರಂಗದ ಒಂದು ಪಂದ್ಯ ಆಡಿದರು. ಪಂದ್ಯಾವಳಿಯ ಆಟಗಳು ಸಾಮಾನ್ಯವಾಗಿ 40 ನಡೆಗಳ ಆಸುಪಾಸಿನಲ್ಲಿ ಮುಗಿಯುತ್ತವೆ. ಇವರ ಆಟ 269 ನಡೆಗಳವರೆಗೆ ಸಾಗಿತು. ಹಿಡಿದ ಕಾಲ 20 ಗಂಟೆ 15 ನಿಮಿಷ. (ಬಿಳಿಯದೊಂದು, ಕಪ್ಪಿನದೊಂದು ಚಲನೆ ಸೇರಿದರೆ ಒಂದು ನಡೆ ಎಂಬುದು ಇಲ್ಲಿನ ಲೆಕ್ಕ.) ಇಷ್ಟೆಲ್ಲ ಆದ ಮೇಲೂ ಯಾರೂ ಗೆಲ್ಲಲಿಲ್ಲ, ಆಟ ಡ್ರಾ ಆಯಿತು.

ಕೊನೆಯ ಸುಮಾರು ನೂರು ನಡೆಗಳಲ್ಲಿ ಮಣೆಯ ಮೇಲೆ ಉಳಿದಿದ್ದದ್ದು ಐದೇ ಕಾಯಿ. ಒಬ್ಬರ ಬಳಿ ರಾಜ, ಆನೆ, ಒಂಟೆ. ಇನ್ನೊಬ್ಬರ ಬಳಿ ರಾಜ, ಆನೆ. (ನಾವು ಆನೆ ಎನ್ನುವುದು ರೂಕ್, ಒಂಟೆ ಎನ್ನುವುದು ಬಿಷಪ್.) ಐದು ಕಾಯಿಗಳು ಖಾಲಿ ಮಣೆಯ ಮೇಲೆ ನೂರು ನಡೆಯ ಕಾಲ ಸುತ್ತಿದವು ಎಂದರೆ ನಗು ಬರುವುದು ಸಹಜ. ಆದರೆ ಇದು ಅವರ ಹಟ ಮಾತ್ರವಲ್ಲ. ಅಂದಿನ ನಿಯಮವೇ ಈ ಅಂತ್ಯಾಟಕ್ಕೆ ವಿಶೇಷವಾಗಿ 100 ನಡೆಗಳ ಅವಕಾಶ ಕೊಟ್ಟಿತ್ತು. ಹಾಗಾದರೆ ನಿಯಮಗಳೇ ಇಲ್ಲದಿದ್ದರೆ? ಚದುರಂಗದ ಆಟ ಎಂದಾದರೂ ಮುಗಿಯಲೇಬೇಕು ಎಂಬುದಕ್ಕೆ ಖಾತರಿ ಏನು?

ಭೌತವಿಜ್ಞಾನ ಓದಿದವರಿಗೆ ಉತ್ತರದ ದಾರಿ ಬೇಗ ಹೊಳೆಯಬೇಕು. ಚದುರಂಗದಲ್ಲಿ ಎರಡು ಬಗೆಯ ಚಲನೆಗಳಿವೆ. ಕುದುರೆ ಮುಂದಕ್ಕೆ ಜಿಗಿದು ಮತ್ತೆ ತನ್ನ ಮನೆಗೆ ಬರಬಹುದು. ಆನೆ, ಒಂಟೆ, ರಾಣಿ, ರಾಜರೂ ಅಷ್ಟೇ. ಇವು ಹಿಮ್ಮರಳಿಸಬಹುದಾದ ಚಲನೆಗಳು. ಆದರೆ ಕಾಲಾಳು ಒಂದು ಮನೆ ಮುಂದೆ ಹೋದರೆ ಹಿಂದೆ ಬರುವಂತಿಲ್ಲ. ಹೊಡೆದ ಕಾಯಿ ಮಣೆಗೆ ಮರಳುವುದಿಲ್ಲ. ಉಷ್ಣಗತಿವಿಜ್ಞಾನದಲ್ಲಿ ಕಾಲಕ್ಕೆ ದಿಕ್ಕು ಕೊಡುವುದು ಹಿಮ್ಮರಳದ ಪ್ರಕ್ರಿಯೆಗಳು. ಚದುರಂಗದಲ್ಲೂ ಆಟ ‘ಮುಂದುವರಿದಿದೆ’ ಎನ್ನಲು ಆಧಾರ ಇವೆರಡೇ. (ರಾಜನನ್ನು ಕೋಟೆಯೊಳಗೆ ಸೇರಿಸುವ ಕ್ಯಾಸ್ಲಿಂಗ್ ಕೂಡ ಹಿಮ್ಮರಳದ್ದೇ, ಆದರೆ ನಿಯಮ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.) ಪ್ರಸಿದ್ಧವಾದ ‘50 ನಡೆಗಳ ನಿಯಮ’ ಹೇಳುವುದು ಇದನ್ನೇ: ಸತತ 50 ನಡೆಗಳಲ್ಲಿ ಯಾವ ಕಾಲಾಳೂ ಚಲಿಸದೆ, ಯಾವ ಕಾಯಿಯೂ ಹೊಡೆಯಲ್ಪಡದೆ ಇದ್ದರೆ ಆಟಗಾರ ಡ್ರಾ ಕೇಳಬಹುದು.

ಇನ್ನೊಂದು ನಿಯಮ ಪುನರಾವರ್ತನೆಯದು. ಒಂದೇ ಸ್ಥಿತಿ ಮೂರು ಬಾರಿ ಬಂದರೆ ಡ್ರಾ ಕೇಳಬಹುದು. ಈ ನಿಯಮವೊಂದನ್ನೇ ಕಟ್ಟುನಿಟ್ಟಾಗಿ ಪಾಲಿಸಿದರೂ ಆಟ ಮುಗಿಯಲೇಬೇಕು, ಏಕೆಂದರೆ ಮಣೆಯ ಮೇಲೆ ಸಾಧ್ಯವಿರುವ ಸ್ಥಿತಿಗಳ ಸಂಖ್ಯೆ ಸೀಮಿತ. ಆ ಸಂಖ್ಯೆ ಸುಮಾರು 10⁴⁴ರ ಮಟ್ಟದ್ದು ಎಂಬುದು ಬೇರೆ ಮಾತು! ಗಣಿತದ ದೃಷ್ಟಿಯಿಂದ ಸೀಮಿತ, ಮನುಷ್ಯನ ದೃಷ್ಟಿಯಿಂದ ಅನಂತ.

ನಿಯಮದ ಮಾತುಗಳನ್ನು ಸ್ವಲ್ಪ ಬದಲಿಸಿದರೂ ಏನಾಗುತ್ತದೆ ಎಂಬುದನ್ನು ತೋರಿಸಿದವರು ಹಾಲೆಂಡಿನ ಮ್ಯಾಕ್ಸ್ ಯೂವೆ. ಅವರು ಗಣಿತದಲ್ಲಿ ಡಾಕ್ಟರೇಟ್ ಪಡೆದವರು. 1935ರಲ್ಲಿ ವಿಶ್ವ ಚಾಂಪಿಯನ್ ಆದವರು. ಆ ಕಾಲಕ್ಕೆ ‘ಜರ್ಮನ್ ನಿಯಮ’ ಎಂಬುದೊಂದಿತ್ತು: ಚಲನೆಗಳ ಒಂದು ಸರಣಿ ಬೆನ್ನುಬೆನ್ನಿಗೆ ಮೂರು ಬಾರಿ ಬಂದರೆ ಡ್ರಾ. ಸ್ಥಿತಿಯಲ್ಲ, ಸರಣಿ ಎಂಬುದನ್ನು ಗಮನಿಸಿ. ಈ ನಿಯಮದ ಅಡಿಯಲ್ಲಿ ಆಟ ಎಂದೆಂದಿಗೂ ಮುಗಿಯದಿರಬಹುದು ಎಂದು ಯೂವೆ 1929ರಲ್ಲಿ ಸಾಧಿಸಿದರು. ವಿಧಾನ ಹೀಗಿದೆ. 0 ಎಂದು ಬರೆಯಿರಿ. ಮುಂದೆ ಪ್ರತಿ ಹಂತದಲ್ಲೂ 0 ಇದ್ದಲ್ಲಿ 01 ಎಂದೂ 1 ಇದ್ದಲ್ಲಿ 10 ಎಂದೂ ಬದಲಿಸುತ್ತ ಹೋಗಿ. 01, 0110, 01101001 ಎಂದು ಸಾಲು ಬೆಳೆಯುತ್ತದೆ. ಈ ಸಾಲಿನಲ್ಲಿ ಯಾವ ತುಣುಕೂ ಬೆನ್ನುಬೆನ್ನಿಗೆ ಮೂರು ಬಾರಿ ಬರುವುದೇ ಇಲ್ಲ. ಈಗ 0 ಎಂದರೆ ಇಬ್ಬರೂ ರಾಣಿಯ ಪಕ್ಕದ ಕುದುರೆಯನ್ನು ಹೊರಗೆ ತಂದು ಮತ್ತೆ ಮನೆಗೆ ಕಳಿಸುವುದು, 1 ಎಂದರೆ ರಾಜನ ಪಕ್ಕದ ಕುದುರೆಯನ್ನು ಹಾಗೆ ಮಾಡುವುದು ಎಂದಿಟ್ಟುಕೊಳ್ಳಿ. ಸಾಲಿಗೆ ಕೊನೆಯಿಲ್ಲ, ಆಟಕ್ಕೂ ಕೊನೆಯಿಲ್ಲ! ನಾರ್ವೆಯ ಆಕ್ಸೆಲ್ ಥೂ ಮತ್ತು ಅಮೆರಿಕದ ಮಾರ್ಸ್ಟನ್ ಮೋರ್ಸ್ ಬೇರೆ ಬೇರೆ ಕಾರಣಗಳಿಗಾಗಿ ಇದೇ ಸಾಲನ್ನು ಮೊದಲೇ ಕಂಡುಕೊಂಡಿದ್ದರು. ಇಂದು ಅದು ಅವರ ಹೆಸರಿನಲ್ಲೇ ಇದೆ.

ಈಗ 50 ನಡೆಗಳ ನಿಯಮಕ್ಕೆ ಮರಳೋಣ. ಈ ನಿಯಮವನ್ನು ಮೀರದೆ ಆಟವನ್ನು ಎಷ್ಟು ಎಳೆಯಬಹುದು? ಇದನ್ನು ಪ್ರೌಢಶಾಲೆಯ ಕರಿಹಲಗೆಯ ಮೇಲೂ ಲೆಕ್ಕ ಹಾಕಬಹುದು. ಒಟ್ಟು 16 ಕಾಲಾಳುಗಳು. ಒಂದೊಂದೇ ಮನೆ ಇಟ್ಟರೆ ಪ್ರತಿಯೊಂದಕ್ಕೂ ಕೊನೆಯ ಸಾಲು ಮುಟ್ಟಲು 6 ಚಲನೆ. 16 × 6 = 96. ಇಬ್ಬರು ರಾಜರನ್ನು ಬಿಟ್ಟು ಹೊಡೆಯಬಹುದಾದ ಕಾಯಿಗಳು 30. ಒಟ್ಟು 126. ಆದರೆ ಎದುರುಬದುರು ನಿಂತ ಕಾಲಾಳುಗಳು ಒಂದನ್ನೊಂದು ದಾಟಬೇಕಾದರೆ ಕೆಲವು ಓರೆಯಾಗಿ ಹೊಡೆದು ಪಕ್ಕದ ಸಾಲಿಗೆ ಸರಿಯಬೇಕು. ಪಕ್ಕಪಕ್ಕದ ಎರಡು ಸಾಲುಗಳಿಗೆ ಇಂಥ 2 ಹೊಡೆತ, ಎಂಟು ಸಾಲುಗಳಿಗೆ 8. ಇವು ಕಾಲಾಳಿನ ಚಲನೆಯೂ ಹೌದು, ಹೊಡೆತವೂ ಹೌದು. ಎರಡು ಬಾರಿ ಎಣಿಸಿದ್ದನ್ನು ಕಳೆದರೆ 118. ಪ್ರತಿ ಹಿಮ್ಮರಳದ ಚಲನೆಯನ್ನೂ 50ನೇ ನಡೆಯವರೆಗೆ ತಡೆದರೆ 118 × 50 = 5900. ತಡೆ ಮುರಿಯುವ ಕೆಲಸ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗಲೆಲ್ಲ ಅರ್ಧ ನಡೆ ನಷ್ಟ. ಇದು ಕನಿಷ್ಠ ಮೂರು ಬಾರಿ ಆಗಲೇಬೇಕು. ಉಳಿದದ್ದು 5898½ ನಡೆ.

ಇಲ್ಲೊಂದು ಬಿರುಕಿದೆ. ನಿಯಮ ಹೇಳುವುದು ‘ಕೇಳಬಹುದು’ ಎಂದು. ಯಾರೂ ಕೇಳದಿದ್ದರೆ? 2007ರಲ್ಲಿ ಫ್ರಾನ್ಸಿನ ವಿಲಾಂಡ್ರಿಯಲ್ಲಿ ಅಲೆಕ್ಸಾಂಡ್ರಾ ಕೊಸ್ಟೆನಿಯುಕ್ ಅವರು ಲೊರಾಂ ಫ್ರೆಸಿನೆ ಅವರನ್ನು 237 ನಡೆಗಳಲ್ಲಿ ಸೋಲಿಸಿದರು. ಕೊನೆಯ ನೂರಕ್ಕೂ ಹೆಚ್ಚು ನಡೆ ಆನೆ ಮತ್ತು ಕುದುರೆಗೆ ಎದುರಾಗಿ ಬರಿ ಆನೆ. ಫ್ರೆಸಿನೆ ಡ್ರಾ ಕೇಳಬಹುದಿತ್ತು, ಕೇಳಲಿಲ್ಲ. ಅದು ವೇಗದ ಆಟವಾದ್ದರಿಂದ ಇಬ್ಬರೂ ನಡೆಗಳನ್ನು ಬರೆದುಕೊಳ್ಳುತ್ತಿರಲಿಲ್ಲ. ನಿಯಮದ ಈ ಬಿರುಕನ್ನು ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ ಮುಚ್ಚಿದ್ದು 2014ರಲ್ಲಿ: 75 ನಡೆಗಳಾದರೆ ಯಾರೂ ಕೇಳದಿದ್ದರೂ ಡ್ರಾ, ಒಂದೇ ಸ್ಥಿತಿ ಐದು ಬಾರಿ ಬಂದರೂ ಡ್ರಾ. ಮೇಲಿನ ಲೆಕ್ಕದಲ್ಲಿ 50ರ ಬದಲು 75 ಇಟ್ಟರೆ ಗರಿಷ್ಠ ಮಿತಿ 8848½. ಎವರೆಸ್ಟ್ ಶಿಖರದ ಎತ್ತರ 8848 ಮೀಟರ್ ಎಂದು ಬಾಯಿಪಾಠ ಮಾಡಿದ ನಮ್ಮ ಪೀಳಿಗೆಗೆ ಈ ಸಂಖ್ಯೆ ಮರೆಯುವುದು ಕಷ್ಟ. ಪ್ರತಿ ಚಲನೆಗೆ 30 ಸೆಕೆಂಡು ಹಿಡಿದರೂ ಆರು ದಿನ ಹಗಲಿರುಳು ಆಡಬೇಕು.

ಆದರೆ 50 ಎಂಬ ಸಂಖ್ಯೆಗೆ ಪ್ರಕೃತಿಯ ಆಧಾರವೇನೂ ಇಲ್ಲ; ಅದು ಅನುಭವಿಗಳ ಊಹೆ. ಅದು ತಪ್ಪೆಂದು ತೋರಿಸಿದ್ದು ಕಂಪ್ಯೂಟರ್. ಯುನಿಕ್ಸ್ ನಿರ್ಮಾಪಕರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1980ರ ದಶಕದಲ್ಲಿ ಐದು ಕಾಯಿಗಳ ಅಂತ್ಯಾಟಗಳನ್ನು ಹಿಮ್ಮುಖವಾಗಿ ಬಿಡಿಸಿದರು. ಅಂದರೆ ಮೊದಲು ರಾಜ ಸೆರೆಯಾದ ಸ್ಥಿತಿಗಳನ್ನೆಲ್ಲ ಪಟ್ಟಿ ಮಾಡಿ, ಅವುಗಳಿಗೆ ಒಂದು ನಡೆ ಹಿಂದಿನವು ಯಾವುವು, ಎರಡು ನಡೆ ಹಿಂದಿನವು ಯಾವುವು ಎಂದು ಹಿಂದೆ ಹಿಂದೆ ಹೋಗುವುದು. ಬೆಲ್‌ಗ್ರೇಡ್‌ನ ಆಟದಲ್ಲಿದ್ದ ಅಂತ್ಯಾಟದಲ್ಲಿ ಗೆಲುವಿಗೆ 59 ನಡೆ ಬೇಕಾಗುವ ಸ್ಥಿತಿಗಳಿವೆ ಎಂದು ಗೊತ್ತಾಯಿತು. ಕೆಲವು ಅಂತ್ಯಾಟಗಳಿಗೆ ಫಿಡೆ ಮಿತಿ ಹೆಚ್ಚಿಸಿದ್ದು ಇಂಥ ಫಲಿತಾಂಶಗಳಿಂದಲೇ. ಆದರೆ ಕಂಪ್ಯೂಟರ್ ಅಲ್ಲಿಗೇ ನಿಲ್ಲಲಿಲ್ಲ. ಕಾಯಿಗಳು ಹೆಚ್ಚಿದಂತೆ ಸಂಖ್ಯೆ 200 ದಾಟಿತು. ಕೊನೆಗೆ 1992ರಲ್ಲಿ ಫಿಡೆ ವಿನಾಯಿತಿಗಳನ್ನೆಲ್ಲ ಕೈಬಿಟ್ಟು ಎಲ್ಲದಕ್ಕೂ 50 ಎಂದಿತು. ಇದು ಸರಿಯಾದ ನಿರ್ಧಾರವೆಂದೇ ನನ್ನ ಅಭಿಪ್ರಾಯ. ಆಟ ಆಡುವವರು ಮನುಷ್ಯರು.

2006ರಲ್ಲಿ ಬೌರ್ಜುತ್ಸ್ಕಿ ಮತ್ತು ಕೊನೊವಾಲ್ ಏಳು ಕಾಯಿಗಳ ಒಂದು ಸ್ಥಿತಿಯಲ್ಲಿ ಗೆಲ್ಲುವವನು ನಿರ್ಣಾಯಕ ಹೊಡೆತಕ್ಕೆ 517 ನಡೆ ಕಾಯಬೇಕೆಂದು ಕಂಡರು. 2012ರ ಹೊತ್ತಿಗೆ ಮಾಸ್ಕೋ ವಿಶ್ವವಿದ್ಯಾಲಯದ ‘ಲೊಮೊನೊಸೊವ್’ ಸೂಪರ್ ಕಂಪ್ಯೂಟರ್ ಏಳು ಕಾಯಿಗಳ ಕೋಷ್ಟಕ ಸಿದ್ಧಪಡಿಸಿತು. ಅದರ ಗಾತ್ರ ಸುಮಾರು 140 ಟೆರಾಬೈಟ್. ಅದರಲ್ಲಿ ಸಿಕ್ಕ ಅತಿ ದೀರ್ಘ ಗೆಲುವು 549 ನಡೆಗಳದು. ಆ ನಡೆಗಳನ್ನು ನೋಡಿದರೆ ಕಾಯಿಗಳು ದಿಕ್ಕುತಪ್ಪಿ ಅಲೆಯುತ್ತಿರುವಂತೆ ಕಾಣುತ್ತದೆ. ಪ್ರತಿಯೊಂದೂ ದೋಷವಿಲ್ಲದ ನಡೆ, ಆದರೂ 50 ನಡೆಗಳ ನಿಯಮದಡಿ ಇಂಥ ಗೆಲುವುಗಳೆಲ್ಲ ಡ್ರಾ. ಕೋಷ್ಟಕ ತಜ್ಞರು ಇವನ್ನು ‘ಶಾಪಗ್ರಸ್ತ ಗೆಲುವು’ ಎಂದೇ ಕರೆಯುತ್ತಾರೆ.

ಹಾಗೆಂದು ದೀರ್ಘವಾದ ಆಟವೆಲ್ಲ ಹಾಸ್ಯಾಸ್ಪದವಲ್ಲ. 2021ರ ಡಿಸೆಂಬರ್‌ನಲ್ಲಿ ದುಬೈನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟದಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಅವರು ಇಯಾನ್ ನೆಪೊಮ್ನಿಯಾಚಿ ಅವರನ್ನು 136 ನಡೆಗಳಲ್ಲಿ, ಸುಮಾರು ಏಳು ಮುಕ್ಕಾಲು ಗಂಟೆಯಲ್ಲಿ ಸೋಲಿಸಿದರು. ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳ ಇತಿಹಾಸದಲ್ಲೇ ಅಷ್ಟು ಉದ್ದದ ಆಟ ಅದಕ್ಕೆ ಮುಂಚೆ ನಡೆದಿರಲಿಲ್ಲ. ಕೊನೆಯಲ್ಲಿ ಉಳಿದದ್ದು ರಾಣಿಯ ಎದುರು ಆನೆ, ಕುದುರೆ ಮತ್ತು ಎರಡು ಕಾಲಾಳು. ರಾಜರು ಸೇರಿ ಏಳು ಕಾಯಿ. ಅಂದರೆ ಕೋಷ್ಟಕದ ವ್ಯಾಪ್ತಿಯೊಳಗೆ. ಸ್ಥಿತಿ ಇನ್ನೂ ಡ್ರಾ ಎಂದು, ಆಮೇಲೆ ನೆಪೊಮ್ನಿಯಾಚಿ ಅವರ ರಾಣಿಯ ಒಂದು ಚಲನೆಯಿಂದ ಅದು ಕೈತಪ್ಪಿತು ಎಂದು, ಅಂತರಜಾಲದಲ್ಲಿ ನೋಡುತ್ತಿದ್ದ ಯಾರು ಬೇಕಾದರೂ ಆ ಕ್ಷಣದಲ್ಲೇ ತಿಳಿಯಬಹುದಿತ್ತು. ತಿಳಿಯಲು ದಾರಿಯಿಲ್ಲದವರು ಮಣೆಯ ಮುಂದೆ ಕುಳಿತಿದ್ದ ಇಬ್ಬರೇ.