ಕೊಲಂಬೊ ಮೆಣಸು ಬಂದರೆ ನಮ್ಮ ಮೆಣಸಿನ ಗತಿ ಏನು?

ಕಳೆದ ವಾರ ಪಕ್ಕದ ತೋಟದ ಹಿರಿಯರೊಬ್ಬರು ನಮ್ಮ ಕಣದ ಹತ್ತಿರ ಬಂದು ಕೇಳಿದರು: "ಅಲ್ಲಾ ಕಣಪ್ಪ, ಸರ್ಕಾರ ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಬೆಲೆ ಅಂತ ಮಾಡಿದೆಯಲ್ಲ, ಅದಕ್ಕಿಂತ ಕೆಳಗೆ ಹೋದ್ರೆ ಯಾರಿಗೆ ದೂರು ಕೊಡೋದು?"

ಈ ಪ್ರಶ್ನೆ ನನಗೆ ಹೊಸದಲ್ಲ. ಇದೇ ತಪ್ಪು ತಿಳಿವಳಿಕೆಯಿಂದ ನಾನೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹಾಗಾಗಿ ಈ ವಾರ ಗೊಬ್ಬರ, ಸೊರಗು ರೋಗದ ಮಾತು ಬಿಟ್ಟು, ಭಾರತ–ಶ್ರೀಲಂಕಾ ವ್ಯಾಪಾರದ ಬಗ್ಗೆ ಬರೆಯುತ್ತಿದ್ದೇನೆ. ಮೆಣಸು ಬೆಳೆಯುವವರು ಬಳ್ಳಿಯಷ್ಟೇ ಇದನ್ನೂ ಅರ್ಥ ಮಾಡಿಕೊಂಡಿರಬೇಕು.

ಮೊದಲು ನನ್ನ ಕಥೆ. 2017ರ ಕೊಯ್ಲಿನಲ್ಲಿ ಬೆಲೆ ಕೆಜಿಗೆ 600 ದಾಟಿತ್ತು. "ಅರ್ಧ ಕೊಟ್ಟುಬಿಡೋ" ಅಂದರು ಅಪ್ಪ. ತೋಟಗಾರಿಕೆ ಓದಿ ಬಂದವನು ನಾನು, ಇನ್ನೂ ಏರುತ್ತೆ ಅಂತ ಹಟ ಹಿಡಿದೆ. 8 ಕ್ವಿಂಟಲ್ ಗೋದಾಮಿನಲ್ಲೇ ಉಳಿಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಬೆಲೆ ಜಾರತೊಡಗಿತು. ಡಿಸೆಂಬರ್‌ನಲ್ಲಿ 500 ರೂಪಾಯಿಯ ಸುದ್ದಿ ಬಂದಾಗ ಬಚಾವಾದೆವು ಅಂದುಕೊಂಡೆ. ಆಗಲಿಲ್ಲ. ಮುಂದಿನ ಕೊಯ್ಲಿಗೆ ಜಾಗ ಬೇಕಿತ್ತು, ಆಳುಗಳಿಗೆ ಕೂಲಿ ಕೊಡಬೇಕಿತ್ತು. ಕೊನೆಗೆ 395ಕ್ಕೆ ಕೊಟ್ಟೆ. 610ರ ಬೆಲೆಗೆ ಹೋಲಿಸಿದರೆ 1 ಲಕ್ಷ 72 ಸಾವಿರ ರೂಪಾಯಿ ಕಡಿಮೆ. ಅಪ್ಪ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಒಪ್ಪಂದದಲ್ಲಿ ಏನಿದೆ?

ಭಾರತ ಮತ್ತು ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದಕ್ಕೆ 1998ರ ಡಿಸೆಂಬರ್‌ನಲ್ಲಿ ಸಹಿ ಹಾಕಿದವು. ಅದು 2000ದ ಮಾರ್ಚ್‌ನಲ್ಲಿ ಜಾರಿಗೆ ಬಂತು. ಇದರಡಿ ವರ್ಷಕ್ಕೆ 2,500 ಟನ್ ಲಂಕಾ ಮೆಣಸು ಸುಂಕವಿಲ್ಲದೆ ನಮ್ಮ ದೇಶಕ್ಕೆ ಬರಬಹುದು. ಅದಕ್ಕಿಂತ ಹೆಚ್ಚು ಬೇಕಾದರೆ ಸಾರ್ಕ್ ದೇಶಗಳ ಸಾಫ್ಟಾ ಒಪ್ಪಂದದಡಿ ಶೇ 8ರ ಸುಂಕ ಕಟ್ಟಿ ತರಬಹುದು. ಅದೇ ವಿಯೆಟ್ನಾಂನಿಂದ ನೇರವಾಗಿ ತಂದರೆ ಶೇ 50ಕ್ಕೂ ಹೆಚ್ಚು ಸುಂಕ ಇತ್ತು.

ಈ ವ್ಯತ್ಯಾಸದಲ್ಲೇ ಸಮಸ್ಯೆ ಹುಟ್ಟಿದ್ದು. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಆಗ ಅಲ್ಲಿ ಉತ್ಪಾದನೆ ಏರಿ ಬೆಲೆ ಕುಸಿಯುತ್ತಿತ್ತು. ಅಲ್ಲಿನ ಮೆಣಸು ಕೊಲಂಬೊಗೆ ಬಂದು, ಲಂಕಾದ್ದೇ ಎಂಬ ಕಾಗದದೊಂದಿಗೆ ನಮ್ಮ ಬಂದರು ಸೇರುತ್ತಿದೆ ಎಂದು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಸಂಘಟನೆಗಳು ದೂರಿದವು. ಒಪ್ಪಂದದ ಪ್ರಕಾರ ರಿಯಾಯಿತಿ ಸಿಗಬೇಕಾದರೆ ಮೆಣಸು ಲಂಕಾದಲ್ಲೇ ಬೆಳೆದಿರಬೇಕು, ಅದಕ್ಕೆ ಮೂಲದ ಪ್ರಮಾಣಪತ್ರ ಇರಬೇಕು. ಆದರೆ ಒಣಗಿದ ಕಾಳು ನೋಡಿ ಯಾವ ದೇಶದ್ದು ಅಂತ ಹೇಳೋದು ಸುಲಭವಲ್ಲ.

2020ರ ಸೆಪ್ಟೆಂಬರ್‌ನಿಂದ ಕಸ್ಟಮ್ಸ್ ನಿಯಮ ಬಿಗಿಯಾಗಿದೆ. ಸರಕು ನಿಜವಾಗಿ ಎಲ್ಲಿಯದು ಎಂಬ ಮಾಹಿತಿಯನ್ನು ಈಗ ಆಮದುದಾರನೇ ಇಟ್ಟುಕೊಂಡಿರಬೇಕು, ಕೇಳಿದಾಗ ಕೊಡಬೇಕು.

500 ರೂಪಾಯಿ ಯಾರಿಗೆ?

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. 2018ರ ಮಾರ್ಚ್‌ನಲ್ಲಿ ಕೆಜಿಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸಿನ ಆಮದನ್ನೇ ನಿಷೇಧಿಸಿತು. ಇದು ಬೆಂಬಲ ಬೆಲೆ ಅಲ್ಲ. ಬಂದರಿಗೆ ಬರುವ ಸರಕಿಗೆ ಹಾಕಿದ ಗೆರೆ, ಅಷ್ಟೇ. ನಮ್ಮ ಮೆಣಸನ್ನು ವ್ಯಾಪಾರಿ 500ಕ್ಕೆ ಕೊಳ್ಳಲೇಬೇಕು ಅಂತ ಅದರಲ್ಲಿ ಎಲ್ಲೂ ಇಲ್ಲ. ಮೊದಲೇ ಬಂದು ಗೋದಾಮು ಸೇರಿದ ಮಾಲಿಗೆ ಅದು ತಾಗಲಿಲ್ಲ. ಸಂಸ್ಕರಿಸಿ ಮತ್ತೆ ರಫ್ತು ಮಾಡುವ ಘಟಕಗಳಿಗೆ ವಿನಾಯಿತಿಯೂ ಸಿಕ್ಕಿತು.

ಇನ್ನೊಂದು ಮಾತು. ನಮ್ಮಲ್ಲಿ ಬೆಲೆ 600 ದಾಟಿದಾಗ ಈ ಗೋಡೆ ಬಹುಮಟ್ಟಿಗೆ ಇಲ್ಲದಂತೆಯೇ. 500ಕ್ಕೆ ಶೇ 8 ಸೇರಿಸಿದರೆ 540. ಸಾಗಣೆ, ಲಾಭ ಎಲ್ಲ ಹಾಕಿದರೂ ಲಂಕಾ ಮೆಣಸು ಕಾನೂನುಬದ್ಧವಾಗಿಯೇ ಬರುತ್ತದೆ. ಅಂದರೆ ಬೆಲೆ ಚೆನ್ನಾಗಿರುವಾಗಲೇ ನಾವು ಹೆಚ್ಚು ಎಚ್ಚರವಾಗಿರಬೇಕು.

ಆ ಕಡೆಯೂ ರೈತರೇ

ಲಂಕಾವನ್ನು ಬೈದರೆ ಪ್ರಯೋಜನವಿಲ್ಲ. ಮಾತಳೆ, ಕ್ಯಾಂಡಿ ಕಡೆ ಮೆಣಸು ಬೆಳೆಯುವವರು ಬಹುತೇಕ ಸಣ್ಣ ಹಿಡುವಳಿದಾರರು. ಅವರೂ ನಮ್ಮ ಹಾಗೇ ಗ್ಲಿರಿಸಿಡಿಯಾ ಮರಕ್ಕೆ ಬಳ್ಳಿ ಹಬ್ಬಿಸುತ್ತಾರೆ. ಅವರ ದೊಡ್ಡ ಗಿರಾಕಿ ಭಾರತವೇ. ಇತ್ತ ನಮ್ಮ ಈರುಳ್ಳಿಗೆ ಅವರು ಗಿರಾಕಿ. 2023ರ ಡಿಸೆಂಬರ್‌ನಲ್ಲಿ ನಮ್ಮ ಸರ್ಕಾರ ಈರುಳ್ಳಿ ರಫ್ತು ನಿಲ್ಲಿಸಿದಾಗ ಅಲ್ಲಿನ ಅಡುಗೆಮನೆಗೂ ಬಿಸಿ ತಟ್ಟಿತು, ಇಲ್ಲಿನ ಈರುಳ್ಳಿ ಬೆಳೆಗಾರರಿಗೂ ಪೆಟ್ಟು ಬಿತ್ತು. ಎರಡೂ ದೇಶದಲ್ಲಿ ನಿರ್ಧಾರ ಆಗೋದು ರಾಜಧಾನಿಯಲ್ಲಿ, ಲೆಕ್ಕ ತಪ್ಪೋದು ಹೊಲದಲ್ಲಿ.

ನಮ್ಮ ಕೈಯಲ್ಲಿ ಇರುವುದು

ಸುಂಕ ನಮ್ಮ ಕೈಯಲ್ಲಿಲ್ಲ. ಇವಿಷ್ಟು ಇವೆ:

1. ಮೂರು ಪಾಲು ಮಾಡಿ ಮಾರಿ. ಕೊಯ್ಲಿನ ಖರ್ಚಿಗೆ ಒಂದು ಪಾಲು ಕೂಡಲೇ, ಮಳೆಗಾಲದಲ್ಲಿ ಒಂದು, ದೀಪಾವಳಿ ಹೊತ್ತಿಗೆ ಒಂದು. ಅತಿ ಹೆಚ್ಚಿನ ಬೆಲೆ ಸಿಗದೇ ಹೋಗಬಹುದು, ಅತಿ ಕಡಿಮೆಗೆ ಎಲ್ಲವೂ ಹೋಗುವುದಂತೂ ತಪ್ಪುತ್ತದೆ.

2. ಲೀಟರ್ ತೂಕ ನೋಡಿ. ಒಂದು ಲೀಟರ್ ಅಳತೆ ಪಾತ್ರೆಗೆ ಒಣ ಮೆಣಸು ಸುರಿದು ತೂಗಿ. 550 ಗ್ರಾಂ ಬಂದರೆ ಒಳ್ಳೆ ಮಾಲು. ಲಂಕಾದಿಂದ ಬರುವುದರಲ್ಲಿ ಎಣ್ಣೆ, ಓಲಿಯೊರೆಸಿನ್ ತೆಗೆಯಲು ಹೋಗುವ ಹಗುರ ಕಾಳಿನ ಪಾಲೂ ಇದೆ. ನಮ್ಮ ತೂಕದ, ದಪ್ಪ ಕಾಳಿಗೆ ಗಿರಾಕಿಯೇ ಬೇರೆ. ಜೊಳ್ಳನ್ನು ತೂರಿ ಬೇರೆ ಮಾಡಿ, ಬೇರೆಯಾಗಿಯೇ ಮಾರಿ.

3. ತೇವಾಂಶ ಶೇ 10–11ಕ್ಕೆ ಇಳಿಯುವವರೆಗೆ ಒಣಗಿಸಿ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ಒಣಹಾಕಿದರೆ ಬಣ್ಣ ಒಂದೇ ಸಮ ಕಪ್ಪಾಗುತ್ತದೆ, ಬೇಗ ಒಣಗುತ್ತದೆ. ಕಾಪಿಡುವ ಮೆಣಸಿಗೆ ಇದು ಮುಖ್ಯ. ಬೂಷ್ಟು ಬಂದರೆ ಕಾದಿದ್ದೆಲ್ಲ ವ್ಯರ್ಥ.

4. ಎಲ್ಲಿಯ ಮೆಣಸು ಅನ್ನುವುದನ್ನು ಬರೆದಿಡಿ. ತೋಟ, ತಳಿ, ಕೊಯ್ದ ತಿಂಗಳು, ಚೀಲದ ಸಂಖ್ಯೆ. ಸಾವಯವ ಪ್ರಮಾಣಪತ್ರ ಇದ್ದವರಿಗೆ ಇದು ಹೇಗೂ ಅಭ್ಯಾಸ. ಕೊಲಂಬೊದ ಕಾಗದದ ಮೇಲೆ ಅನುಮಾನ ಪಡುವ ನಾವು ನಮ್ಮ ಕಾಗದ ಸರಿಯಾಗಿ ಇಟ್ಟುಕೊಳ್ಳಬೇಡವೇ?

5. ಮೆಣಸಿನ ಬೆಲೆ ಹೇಳುವಾಗ ಸ್ಥಳೀಯ ವ್ಯಾಪಾರಿ ನೋಡುವುದು ಕೊಚ್ಚಿ ಮಾರುಕಟ್ಟೆಯನ್ನು. ವಾರಕ್ಕೊಮ್ಮೆ ನೀವೂ ನೋಡಿ.

ಹಿರಿಯರಿಗೆ ಇಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ದೂರು ಕೊಡೋಕೆ ಯಾರೂ ಇಲ್ಲ ಅನ್ನು" ಅಂದರು. ಮರುದಿನ ಬೆಳಿಗ್ಗೆ ಲೀಟರ್ ಪಾತ್ರೆ ಕೇಳಿಕೊಂಡು ಬಂದರು. ಅವರ ಮೆಣಸು 562 ಗ್ರಾಂ ತೂಗಿತು, ನಮ್ಮದಕ್ಕಿಂತ ಜಾಸ್ತಿ. ಮೂರನೇ ಒಂದು ಪಾಲನ್ನು ಈ ವಾರವೇ ಕೊಡುತ್ತಾರಂತೆ.