ಎಳೆ ಜೋಳದ ಹಸಿರು, ಹಸಿದ ಎತ್ತು

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಜೋಳವೆಂದರೆ ಮಂದಿಗೆ ರೊಟ್ಟಿ, ದನಕ್ಕೆ ಕಣಿಕಿ. ಪುರ್ತಗೇರಿಯಂಥ ಊರಿನಲ್ಲಿ ಬಣವಿಯ ಎತ್ತರ ನೋಡಿಯೇ ಆ ಮನೆಯ ದನಕರು ಬೇಸಿಗೆಯನ್ನು ಹೇಗೆ ದಾಟುತ್ತವೆ ಎಂದು ಹೇಳಬಹುದು. ಇಷ್ಟು ನಂಬಿಗಸ್ತ ಬೆಳೆಯೇ ವರ್ಷದ ಕೆಲವು ವಾರ ಬಲವಾದ ಎತ್ತನ್ನು ಒಂದು ತಾಸಿನೊಳಗೆ ಕೆಡವಬಲ್ಲದು. ಬಿತ್ತಿದ ಮೇಲೆ ಮಳೆ ಕೈಕೊಟ್ಟು ಪೈರು ಮೊಣಕಾಲೆತ್ತರಕ್ಕೂ ಬರದೆ ಬಾಡಿ ನಿಂತಾಗ, ಬಾಡಿದ ಹೊಲಕ್ಕೆ ಒಂದು ಹದ ಮಳೆ ಬಿದ್ದು ಬುಡದಿಂದ ಹೊಸ ಸುಳಿ ಎದ್ದಾಗ, ಕೊಯ್ದ ಹೊಲದ ಕೂಳೆ ಅಕಾಲದ ಮಳೆಗೆ ಚಿಗುರಿದಾಗ ಈ ಅಪಾಯ ತಲೆ ಎತ್ತುತ್ತದೆ. ಮುಂಜಾನೆ ಗಟ್ಟಿಮುಟ್ಟಾಗಿದ್ದ ದನ ಮಧ್ಯಾಹ್ನಕ್ಕೆ ಸತ್ತರೆ ಹಾವು ಕಡಿಯಿತು, ಕಣ್ಣು ತಾಗಿತು, ಆಗದವರು ಏನೋ ಹಾಕಿದರು ಎಂಬ ಮಾತು ಹುಟ್ಟುವುದು ಸಹಜ. ಆದರೆ ಈ ಸಾವಿನ ಕಾರಣ ಬಹುಪಾಲು ಎರಡೇ ಸಂಗತಿಗಳಲ್ಲಿದೆ: ಗಿಡದ ವಯಸ್ಸು ಮತ್ತು ದನದ ಹಸಿವು. ಎರಡೂ ರೈತನ ಹಿಡಿತದಲ್ಲಿರುವಂಥವೇ.

ಜೋಳದ ಎಲೆಯಲ್ಲಿ ಸಿದ್ಧವಾದ ವಿಷ ತುಂಬಿಕೊಂಡಿರುವುದಿಲ್ಲ. ಎಲೆಯ ಹೊರಪದರದ ಕೋಶಗಳಲ್ಲಿ ಧುರಿನ್ ಎಂಬ ಸಂಯುಕ್ತವಿರುತ್ತದೆ. ಡನ್‌ಸ್ಟನ್ ಮತ್ತು ಹೆನ್ರಿ ಎಂಬ ರಸಾಯನ ವಿಜ್ಞಾನಿಗಳು 1902ರಲ್ಲಿ ಅದನ್ನು ಗುರುತಿಸಿದರು. ಅದನ್ನು ಒಡೆಯುವ ಕಿಣ್ವ ಇರುವುದು ಒಳಗಿನ ಕೋಶಗಳಲ್ಲಿ. ಬೆಂಕಿಪೊಟ್ಟಣದ ಕಡ್ಡಿಯೂ ಗೀರುವ ಪಟ್ಟಿಯೂ ಒಂದೇ ಕಡೆ ಇದ್ದರೂ ಗೀರುವವರೆಗೆ ಉರಿ ಹತ್ತದಂತೆ, ಎಲೆ ಜಜ್ಜುವವರೆಗೆ ಇವೆರಡೂ ಕೂಡುವುದಿಲ್ಲ. ದನದ ಹಲ್ಲಿಗೆ ಸಿಕ್ಕ ಕ್ಷಣವೇ ಕೂಡುತ್ತವೆ, ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಎಲೆ ತಿನ್ನುವ ಕೀಟಗಳಿಂದ ಉಳಿದುಕೊಳ್ಳಲು ಗಿಡ ಕಟ್ಟಿಕೊಂಡ ಕಾವಲು ಇದು. ಮೊಳಕೆಯಲ್ಲಿ, ಎಳೆ ಸುಳಿಯಲ್ಲಿ ಧುರಿನ್ ಸಾಂದ್ರವಾಗಿರುತ್ತದೆ. ಗಿಡ ಬೆಳೆದು ದಂಟು ಬಲಿತಂತೆ ಅದರ ಪ್ರಮಾಣ ತಗ್ಗುತ್ತದೆ. ಮಳೆ ಹೋಗಿ ಬೆಳವಣಿಗೆ ನಿಂತರೆ ಹಾಗೆ ತಗ್ಗುವುದು ನಿಲ್ಲುತ್ತದೆ. ಅದರ ಮೇಲೆ ಯೂರಿಯಾ ಹೆಚ್ಚು ಬಿದ್ದಿದ್ದರೆ ಧುರಿನ್ ಇನ್ನಷ್ಟು ಏರುತ್ತದೆ.

ಇನ್ನು ದನದ ಹೊಟ್ಟೆ. ಕುದುರೆಯ, ಹಂದಿಯ ಜಠರದಲ್ಲಿ ಆಮ್ಲ ಬಲವಾಗಿರುವುದರಿಂದ ಈ ಕಿಣ್ವಗಳ ಕೆಲಸ ಕುಂದುತ್ತದೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಆಮ್ಲ ಕಡಿಮೆ, ಸೂಕ್ಷ್ಮಜೀವಿಗಳು ಅಪಾರ. ಒಣ ಕಣಿಕಿಯನ್ನು ಹಾಲಾಗಿ, ದುಡಿಮೆಯಾಗಿ ಮಾರ್ಪಡಿಸುವ ಆ ಜೀವಿಗಳೇ ಧುರಿನ್ನನ್ನೂ ಒಡೆದು ಸಯನೈಡ್ ಬಿಡುಗಡೆ ಮಾಡುತ್ತವೆ. ಅದು ರಕ್ತಕ್ಕೆ ಸೇರಿ, ಜೀವಕೋಶಗಳು ಆಮ್ಲಜನಕ ಬಳಸಿಕೊಳ್ಳುವ ಕೊನೆಯ ಹಂತವನ್ನೇ ತಡೆಯುತ್ತದೆ. ಹೀಗಾಗಿ ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ದನ ಉಸಿರಿಗಾಗಿ ಒದ್ದಾಡುತ್ತದೆ. ಕಣ್ಣಿನ, ವಸಡಿನ ಪೊರೆ ಕಡುಗೆಂಪಾಗಿರುತ್ತದೆ. ಒಂದೇ ಸಲಕ್ಕೆ ಒಳಸೇರಿದರೆ ದೇಹತೂಕದ ಕಿಲೋಗೆ ಸುಮಾರು 2 ಮಿಲಿಗ್ರಾಂ ಸಾಕು, ಸಾವು ಬರಬಹುದು. 300 ಕಿಲೋ ತೂಗುವ ಎತ್ತಿಗೆ ಅದು 600 ಮಿಲಿಗ್ರಾಂ. ಕಿಲೋ ಹಸಿ ಸುಳಿಯಲ್ಲಿ 200 ಮಿಲಿಗ್ರಾಂ ಹುಟ್ಟುವ ಶಕ್ತಿಯಿದ್ದರೆ ಮೂರು ಕಿಲೋ ಮೇವು ಆಯಿತು. ಹಸಿದ ಎತ್ತಿಗೆ ಅಷ್ಟು ತಿನ್ನಲು ಎಷ್ಟು ಹೊತ್ತು?

"ನಮ್ಮ ಹಿರಿಯರು ಜೋಳದಾಗ ದನ ಬಿಡುತ್ತಿರಲಿಲ್ಲವೇ? ನಿನ್ನೆ ಇದೇ ಹೊಲದಾಗ ಮೇಯ್ದ ಆಕಳಿಗೆ ಏನೂ ಆಗಲಿಲ್ಲವಲ್ಲ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಉತ್ತರ ಆ ಮೂರು ಕಿಲೋದ ಲೆಕ್ಕದಲ್ಲೇ ಇದೆ. ದನದ ಯಕೃತ್ತು ಸಯನೈಡನ್ನು ಗಂಧಕದೊಂದಿಗೆ ಕೂಡಿಸಿ ಬಹಳ ಕಡಿಮೆ ಅಪಾಯದ ವಸ್ತುವಾಗಿಸುತ್ತದೆ. ಆದರೆ ಅದಕ್ಕೊಂದು ವೇಗದ ಮಿತಿಯಿದೆ. ಹೊಟ್ಟೆ ತುಂಬಿದ ಆಕಳು ಬದುವಿನ ಹುಲ್ಲಿನ ಜೊತೆ ನಾಲ್ಕು ಬಾಯಿ ಜೋಳ ತಿಂದರೆ ಯಕೃತ್ತು ನಿಭಾಯಿಸುತ್ತದೆ. ರಾತ್ರಿಯೆಲ್ಲ ಗೋದಲಿ ಖಾಲಿಯಿದ್ದ ಎತ್ತು ಗಬಗಬನೆ ತಿಂದರೆ ನಿಭಾಯಿಸಲಾರದು. ನಿನ್ನೆ ಉಳಿದ ಆಕಳು ಹೊಲ ಸುರಕ್ಷಿತ ಎಂಬುದಕ್ಕೆ ಸಾಕ್ಷಿಯಾಗದು. ಆದ್ದರಿಂದ ಮೊದಲು ಒಣ ಕಣಿಕಿ ಹಾಕಿ, ಆಮೇಲೆ ಹಗ್ಗ ಬಿಚ್ಚಬೇಕು. ಹಾಗೆಂದು ಹೊಟ್ಟೆ ತುಂಬಿದ ದನವನ್ನು ಎಳೆ ಜೋಳಕ್ಕೇ ಬಿಡಬಹುದು ಎಂದಲ್ಲ. ಬೆಳೆ ಹೂಬಿಡುವವರೆಗೆ ಹಸಿ ಮೇವಿಗೆ ಕೈ ಹಾಕದಿರುವುದೇ ಸರಿ. ಮಳೆ ಬಿದ್ದ ಮಾರನೆಯ ದಿನ ಚಿಗುರಿದ ಹೊಲವಂತೂ ಬೇಡವೇ ಬೇಡ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಬರದಲ್ಲಿ ಬೇರೆ ಮೇವೇ ಇಲ್ಲದಾಗ ಕಣ್ಣೆದುರಿನ ಹಸಿರನ್ನು ಬಿಡುವುದು ಹೇಗೆ? ಬಿಡಬೇಕಾಗಿಲ್ಲ. ಕೊಯ್ದು ತೆಳುವಾಗಿ ಹರಡಿ ಪೂರ್ತಿ ಒಣಗಿಸಿದರೆ ಸಯನೈಡಿನ ಬಹುಪಾಲು ಆವಿಯಾಗಿ ಹೋಗುತ್ತದೆ. ಹೊಲದಲ್ಲಿ ನಿಂತಲ್ಲೇ ಬಾಡಿದ ಪೈರನ್ನು ಮಾತ್ರ ಒಣ ಮೇವು ಎಂದು ತಿಳಿಯಬಾರದು. ಬಣವಿಯ ಕಣಿಕಿ ವರ್ಷವಿಡೀ ಸುರಕ್ಷಿತವಾಗಿರುವುದು ಅದು ಬಲಿತೂ ಒಣಗಿಯೂ ಇರುವುದರಿಂದ. ಇಲ್ಲೊಂದು ಎಚ್ಚರ ಬೇಕು. ಬರಕ್ಕೆ ಸಿಕ್ಕ, ಗೊಬ್ಬರ ಹೆಚ್ಚಾದ ಜೋಳದ ದಂಟಿನ ಬುಡದಲ್ಲಿ ನೈಟ್ರೇಟ್ ಕೂಡ ಸೇರಿಕೊಳ್ಳುತ್ತದೆ. ಅದು ಒಣಗಿದರೂ ಹೋಗುವುದಿಲ್ಲ. ಅಂಥ ದಂಟನ್ನು ನೆಲದಿಂದ ಒಂದಡಿ ಮೇಲೆ ಕೊಯ್ದು, ಬೇರೆ ಮೇವಿನೊಡನೆ ಬೆರೆಸಿ ಹಾಕುವುದು ಒಳ್ಳೆಯದು.

ನೈಟ್ರೇಟ್ ವಿಷದಲ್ಲೂ ದನ ಹೀಗೆಯೇ ಏದುಸಿರು ಬಿಡುತ್ತದೆ, ಆದರೆ ರಕ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಸಯನೈಡಿಗೆ ಪಶುವೈದ್ಯರು ಸೋಡಿಯಂ ಥಯೋಸಲ್ಫೇಟ್ ಜೊತೆ ಸೋಡಿಯಂ ನೈಟ್ರೈಟನ್ನು ರಕ್ತನಾಳಕ್ಕೆ ಕೊಡುವುದುಂಟು. ನೈಟ್ರೇಟ್ ವಿಷಕ್ಕೆ ಅದೇ ನೈಟ್ರೈಟ್ ಕೊಟ್ಟರೆ ದನ ಸಾಯುತ್ತದೆ. ಮನೆಮದ್ದಿಗೆ ಇಲ್ಲಿ ಜಾಗವಿಲ್ಲ ಎನ್ನುವುದು ಇದಕ್ಕೇ. ಏದುಸಿರು ಬಿಡುವ ದನದ ಬಾಯಿಗೆ ಗೊಟ್ಟದಿಂದ ಏನಾದರೂ ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಉಳಿದ ದನಗಳನ್ನು ಹೊಲದಿಂದ ಹೊರಗೆ ಹೊಡೆದು, ಹತ್ತಿರದ ಪಶು ಆಸ್ಪತ್ರೆಗೆ ಇಲ್ಲವೇ 1962ಕ್ಕೆ ಕರೆ ಮಾಡಬೇಕು. ಪೈರು ಎಷ್ಟೆತ್ತರವಿತ್ತು, ಮಳೆ ಯಾವಾಗ ಬಿತ್ತು, ಯೂರಿಯಾ ಯಾವಾಗ ಹಾಕಿದ್ದು, ದನ ಎಷ್ಟು ಹೊತ್ತಿಗೆ ಮೇಯ್ದಿತು ಎಂದು ಫೋನಿನಲ್ಲೇ ಹೇಳಿದರೆ ವೈದ್ಯರು ಸರಿಯಾದ ಔಷಧಿ ಕೈಯಲ್ಲಿಟ್ಟುಕೊಂಡೇ ಹೊರಡಬಹುದು.