ಸಿಲಿಂಡರ್ ಹೆಡ್ ಬೋಲ್ಟ್ ಬಿಗಿಗೊಳಿಸುವಿಕೆ

ಸಿಲಿಂಡರ್ ಹೆಡ್ ಬೋಲ್ಟ್ ಬಿಗಿಗೊಳಿಸುವಿಕೆಯು ಎಂಜಿನ್ ಮರುಜೋಡಣೆಯ ಮುಖ್ಯ ಹಂತವಾಗಿದೆ. ಬಿಗಿದ ಬೋಲ್ಟ್ ಸ್ಪ್ರಿಂಗಿನಂತೆ ತುಸು ಹಿಗ್ಗಿ, ಹೆಡ್ ಮತ್ತು ಬ್ಲಾಕ್‌ಗಳ ನಡುವಿನ ಗ್ಯಾಸ್ಕೆಟನ್ನು ಒತ್ತಿ ಹಿಡಿಯುತ್ತದೆ. ಟಾರ್ಕ್ ವ್ರೆಂಚ್ ಈ ಹಿಗ್ಗುವಿಕೆಯನ್ನು ನೇರವಾಗಿ ಅಳೆಯುವುದಿಲ್ಲ. ಟಾರ್ಕಿನ ಸುಮಾರು ಶೇ. 90ರಷ್ಟು ಭಾಗ ಥ್ರೆಡ್‌ಗಳಲ್ಲಿ ಹಾಗೂ ಬೋಲ್ಟ್ ತಲೆಯ ಅಡಿಯಲ್ಲಿ ಉಂಟಾಗುವ ಘರ್ಷಣೆಗೆ ವ್ಯಯವಾಗುತ್ತದೆ. ಒಣ ಬೋಲ್ಟಿಗೆ ನಿಗದಿಯಾದ ಅಂಕಿಯನ್ನು ಎಣ್ಣೆ ಸವರಿದ ಬೋಲ್ಟಿಗೆ ಬಳಸಿದರೆ ಅದು ಅತಿಯಾಗಿ ಹಿಗ್ಗಿ ತುಂಡಾಗಬಹುದು.

ಅನ್ಯ ತಯಾರಕರ ಬೋಲ್ಟ್‌ಗಳ ಉಕ್ಕು ಮತ್ತು ಲೇಪನ ಭಿನ್ನವಾಗಿರಬಹುದು. ಆದ್ದರಿಂದ ಬೋಲ್ಟ್ ತಯಾರಕರು ಸೂಚಿಸಿದ ಅಂಕಿಯನ್ನೂ ಲೂಬ್ರಿಕೆಂಟನ್ನೂ ಅನುಸರಿಸಬೇಕು. ಸಾಮಾನ್ಯವಾಗಿ ಮಧ್ಯದಿಂದ ಹೊರಕ್ಕೆ, ಹಂತಹಂತವಾಗಿ ಬಿಗಿಗೊಳಿಸಲಾಗುತ್ತದೆ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬು ಸಾಗಿಸುವ ಟ್ರ್ಯಾಕ್ಟರ್‌ಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಗ್ಯಾಸ್ಕೆಟ್ ಸೋರಿ ಎಂಜಿನ್ ಎಣ್ಣೆಗೆ ನೀರು ಬೆರೆತರೆ ಬೇರಿಂಗ್‌ಗಳು ಹಾಳಾಗಿ, ಹಂಗಾಮಿನ ನಡುವೆಯೇ ಸಾಗಣೆ ನಿಲ್ಲುತ್ತದೆ.